14 ತಂಡ ಕಂಡ ಜೋಶ್ ಜಾನ್ಸನ್: ಇಷ್ಟು ವರ್ಷ ಇವನಿಗೆ ಕರೆ ಬರುತ್ತಲೇ ಇದ್ದದ್ದು ಯಾಕೆ?

ಭಾನುವಾರದ ಆಟ (ಚರ್ಚೆ ಶುರು ಮಾಡಿದವರು)

ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಮಾತು ಬಂದಾಗಲೆಲ್ಲ ನಾವು ಬ್ರೇಡಿ, ಮಹೋಮ್ಸ್, ಲಮಾರ್ ಜಾಕ್ಸನ್ ಸುತ್ತಲೇ ಇರುತ್ತೇವೆ. ನನಗೆ ತುಂಬಾ ದಿನದಿಂದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ದಾಳಿ ನಡೆಸುವವನು) ಜೋಶ್ ಜಾನ್ಸನ್ ಬಗ್ಗೆ ಬರೆಯಬೇಕು ಅನ್ನಿಸುತ್ತಿತ್ತು. ಆ ಲೀಗಿನಲ್ಲಿ ಇರುವುದೇ 32 ತಂಡ. ಅದರಲ್ಲಿ 14 ತಂಡಗಳು ಇವನನ್ನು ಒಂದಲ್ಲ ಒಂದು ಹೊತ್ತಿನಲ್ಲಿ ಸೇರಿಸಿಕೊಂಡಿವೆ. ಇಷ್ಟು ತಂಡ ಕಂಡ ಆಟಗಾರ ಎನ್‌ಎಫ್‌ಎಲ್ ಇತಿಹಾಸದಲ್ಲೇ ಇನ್ನೊಬ್ಬನಿಲ್ಲ.

ಹೆಸರು ಹೇಳಿಬಿಡುತ್ತೇನೆ. ಟ್ಯಾಂಪಾ ಬೇ, ಸ್ಯಾನ್ ಫ್ರಾನ್ಸಿಸ್ಕೊ, ಕ್ಲೀವ್‌ಲ್ಯಾಂಡ್, ಸಿನ್ಸಿನಾಟಿ, ಜೆಟ್ಸ್, ಇಂಡಿಯಾನಾಪೊಲಿಸ್, ಬಫಲೋ, ಬಾಲ್ಟಿಮೋರ್, ಜೈಂಟ್ಸ್, ಹ್ಯೂಸ್ಟನ್, ಆಗಿನ ಓಕ್‌ಲ್ಯಾಂಡ್ ರೈಡರ್ಸ್, ವಾಷಿಂಗ್ಟನ್, ಡೆಟ್ರಾಯ್ಟ್, ಡೆನ್ವರ್. ಸ್ಯಾನ್ ಫ್ರಾನ್ಸಿಸ್ಕೊ ಒಂದಕ್ಕೇ ನಾಲ್ಕು ಸಲ ಹೋಗಿ ಬಂದಿದ್ದಾನೆ. ಇದರ ನಡುವೆ ಯುಎಫ್‌ಎಲ್, ಎಕ್ಸ್‌ಎಫ್‌ಎಲ್ ಅಂತ ಸಣ್ಣ ಲೀಗುಗಳಲ್ಲೂ ಆಡಿದ್ದಾನೆ.

ಹುಟ್ಟಿದ್ದು 1986ರಲ್ಲಿ, ಓಕ್‌ಲ್ಯಾಂಡಿನಲ್ಲಿ. ಓಕ್‌ಲ್ಯಾಂಡ್ ಟೆಕ್ ಹೈಸ್ಕೂಲು. ಸಿಯಾಟಲ್‌ನ ಹೆಸರಾಂತ ರನ್ನಿಂಗ್‌ಬ್ಯಾಕ್ (ಚೆಂಡು ಹಿಡಿದು ಓಡುವವನು) ಮಾರ್ಶಾನ್ ಲಿಂಚ್ ಇವನಿಗೆ ಸಂಬಂಧದಲ್ಲಿ ಅಣ್ಣತಮ್ಮ, ಇಬ್ಬರೂ ಒಂದೇ ಶಾಲೆಯವರು. ದೊಡ್ಡ ಕಾಲೇಜು ಯಾವುದೂ ಕೈಹಿಡಿಯಲಿಲ್ಲ. ಸೇರಿದ್ದು ಯೂನಿವರ್ಸಿಟಿ ಆಫ್ ಸ್ಯಾನ್ ಡಿಯಾಗೊ, ಅಲ್ಲಿ ಫುಟ್‌ಬಾಲಿಗೆ ಸ್ಕಾಲರ್‌ಶಿಪ್ಪೇ ಇಲ್ಲ. 2007ರ ಸೀಸನ್‌ನಲ್ಲಿ 43 ಟಚ್‌ಡೌನ್ ಪಾಸ್ (ಎದುರಾಳಿಯ ಕೊನೆ ಗೆರೆ ದಾಟಿ ಅಂಕ ತಂದ ಎಸೆತ), ಒಂದೇ ಒಂದು ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಎಸೆತ). ಎದುರಾಳಿಗಳು ಸಣ್ಣ ತಂಡಗಳೇ ಇರಬಹುದು, ಆದರೂ ಆ ಲೆಕ್ಕ ನೋಡಿದರೆ ಈಗಲೂ ಮೈ ಜುಮ್ ಅನ್ನುತ್ತದೆ. 2008ರ ಡ್ರಾಫ್ಟಿನಲ್ಲಿ (ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದು) 5ನೇ ಸುತ್ತಿನಲ್ಲಿ, ಒಟ್ಟು 160ನೆಯವನಾಗಿ ಟ್ಯಾಂಪಾ ಬೇ ತಂಡ ತೆಗೆದುಕೊಂಡಿತು.

ಅಲ್ಲಿಂದ ಮುಂದೆ ಸೇರುವುದು, ಕೈಬಿಡಿಸಿಕೊಳ್ಳುವುದು, ಮತ್ತೆ ಸೇರುವುದು. ಇಂಥವರನ್ನು ಊರೂರು ಸುತ್ತುವ ಆಟಗಾರ ಅಂತ ಕನಿಕರದಿಂದ ನೋಡುವವರು ಜಾಸ್ತಿ. ನನಗೆ ಕನಿಕರ ಬರುವುದಿಲ್ಲ. ಎನ್‌ಎಫ್‌ಎಲ್ ತಂಡಗಳು ಯಾರ ಮೇಲೂ ದಯೆ ತೋರಿಸಿ ಜಾಗ ಕೊಡುವುದಿಲ್ಲ. ಹಾಗಿದ್ದ ಮೇಲೆ ಇವನಿಗೆ ಮತ್ತೆ ಮತ್ತೆ ಫೋನ್ ಮಾಡಿದ್ದು ಯಾಕೆ? ಇದರ ಬಗ್ಗೆ ಮಾತಾಡೋಣ.

ಕೊನೇ ಸಾಲು

ನಿಮ್ಮ ಅಭಿಮಾನ ಅರ್ಥ ಆಗುತ್ತದೆ. ಆದರೆ ಲೆಕ್ಕವನ್ನು ಮುಚ್ಚಿಡಬಾರದು ಅಲ್ವಾ? 2024ರ ಸೀಸನ್ ಮುಗಿಯುವ ಹೊತ್ತಿಗೆ ಜಾನ್ಸನ್ ಮೊದಲಿಂದ ಇಳಿದು ಆಡಿದ್ದು 9 ಪಂದ್ಯ. ಗೆದ್ದದ್ದು 1. ಟ್ಯಾಂಪಾದಲ್ಲಿ 2009ರಲ್ಲಿ ನಾಲ್ಕು ಅವಕಾಶ ಸಿಕ್ಕಿತ್ತು, ನಾಲ್ಕೂ ಸೋಲು. ಆಮೇಲೆ ಜಾಗ ಜೋಶ್ ಫ್ರೀಮನ್ ಪಾಲಾಯಿತು. 2011ರಲ್ಲಿ ಇನ್ನೊಂದು ಅವಕಾಶ, ಅದೂ ಸೋಲು. ಆಟದಲ್ಲಿ ಕೊನೆಗೆ ಕೇಳುವುದು ಗೆದ್ದೆಯಾ ಅಂತ ತಾನೆ.

ಹೊಸದಾಗಿ ನೋಡುತ್ತಿರುವವಳು

ನಾನು ಗಂಡನ ಜೊತೆ ಕೂತು ಈ ಆಟ ನೋಡೋಕೆ ಶುರು ಮಾಡಿ ಸ್ವಲ್ಪ ದಿನ ಆಯಿತು ಅಷ್ಟೇ. ಒಂದು ಪ್ರಶ್ನೆ. ಐಪಿಎಲ್‌ನಲ್ಲಿ ಆರನ್ ಫಿಂಚ್ 9 ತಂಡಗಳಿಗೆ ಆಡಿದ, ನಮ್ಮ ಆರ್‌ಸಿಬಿಯಲ್ಲೂ 2020ರಲ್ಲಿ ಇದ್ದ. ಅದನ್ನು ಯಾರೂ ದೊಡ್ಡ ಸಾಹಸ ಅನ್ನಲಿಲ್ಲ. ಜಾನ್ಸನ್ ಮಾಡಿದ್ದು ಅದಕ್ಕಿಂತ ಕಷ್ಟದ್ದು ಹೇಗೆ?

ಭಾನುವಾರದ ಆಟ

ಒಳ್ಳೇ ಪ್ರಶ್ನೆ ಮೇಡಂ. ಫಿಂಚ್ ಯಾವ ಜೆರ್ಸಿ ಹಾಕಿಕೊಂಡರೂ ಕ್ರೀಸಿಗೆ ಬಂದು ಮಾಡುವ ಕೆಲಸ ಒಂದೇ, ಬರುವ ಚೆಂಡನ್ನು ಆಡುವುದು. ಕ್ವಾರ್ಟರ್‌ಬ್ಯಾಕ್ ತಂಡ ಬದಲಿಸಿದರೆ ಅವನು ಆಡಬೇಕಾದ ಮಾತೇ ಬದಲಾಗುತ್ತದೆ.

ಒಂದೇ ಒಂದು ಪ್ಲೇ ತೆಗೆದುಕೊಳ್ಳಿ, ಅಂದರೆ ಚೆಂಡು ಎತ್ತಿದಾಗಿನಿಂದ ಆಟ ನಿಲ್ಲುವ ತನಕದ ಒಂದು ತುಣುಕು. ಹಿಂದಿನ ಪ್ಲೇ ಮುಗಿದ ತಕ್ಷಣ 40 ಸೆಕೆಂಡಿನ ಗಡಿಯಾರ ಓಡಲು ಶುರು. ಹೆಲ್ಮೆಟ್ ಒಳಗಿನ ಸ್ಪೀಕರಿನಲ್ಲಿ ಕೋಚ್ ಧ್ವನಿ ಬರುತ್ತದೆ. ಹೇಳುವುದು ಒಂದು ಪದ ಅಲ್ಲ, ಉಸಿರು ಕಟ್ಟುವಷ್ಟು ಉದ್ದದ ಸಾಲು. ಯಾರು ಎಲ್ಲಿ ನಿಲ್ಲಬೇಕು, ಸ್ನ್ಯಾಪಿಗೆ (ಚೆಂಡನ್ನು ಹಿಂದಕ್ಕೆ ಕೊಟ್ಟು ಪ್ಲೇ ಶುರು ಮಾಡುವುದು) ಮೊದಲು ಯಾರು ಆ ಕಡೆಯಿಂದ ಈ ಕಡೆ ಓಡಬೇಕು, ಎದುರಿಂದ ನುಗ್ಗಿ ಬರುವವರನ್ನು ಯಾರು ತಡೆಯಬೇಕು, ಚೆಂಡು ಹಿಡಿಯುವವರು ಯಾವ ದಾರಿಯಲ್ಲಿ ಓಡಬೇಕು, ಎಷ್ಟನೇ ಎಣಿಕೆಗೆ ಚೆಂಡು ಎತ್ತಬೇಕು, ಎಲ್ಲವೂ ಆ ಸಾಲಿನಲ್ಲಿ ಇರುತ್ತದೆ. ಗಡಿಯಾರ 15ಕ್ಕೆ ಬಂದರೆ ಸ್ಪೀಕರ್ ಬಂದ್. ಅಷ್ಟರಲ್ಲಿ ಕೇಳಿದ್ದನ್ನು ಹಡಲಿನಲ್ಲಿ, ಅಂದರೆ ಸುತ್ತ ಒತ್ತಾಗಿ ನಿಂತ ಜೊತೆಯ ಹತ್ತು ಜನಕ್ಕೆ ಒಂದಕ್ಷರ ತಪ್ಪದೆ ಹೇಳಬೇಕು. ಆಮೇಲೆ ಮುಂದೆ ಬಂದು ಎದುರಿನ ಹನ್ನೊಂದು ಜನ ನಿಂತ ರೀತಿ ನೋಡಿ, ಬೇಕಿದ್ದರೆ ಪ್ಲೇಯನ್ನೇ ಬದಲಿಸಬೇಕು.

ಈಗ ಕಷ್ಟ ಎಲ್ಲಿ ಅಂದರೆ, ಅದೇ ಓಟಕ್ಕೆ ಒಂದು ತಂಡದಲ್ಲಿ ಒಂದು ಹೆಸರು, ಇನ್ನೊಂದರಲ್ಲಿ ಬೇರೆ ಹೆಸರು, ಮೂರನೆಯದರಲ್ಲಿ ಬರೀ ಒಂದು ಅಂಕಿ. ಹಳೆಯದನ್ನು ಮರೆತರೆ ಮಾತ್ರ ಹೊಸದು ತಲೆಗೆ ಹತ್ತುತ್ತದೆ. ಮೊದಲ ಕ್ವಾರ್ಟರ್‌ಬ್ಯಾಕಿಗೆ ಇದನ್ನು ಕಲಿಯಲು ಬೇಸಿಗೆಯಿಡೀ ಸಿಗುತ್ತದೆ. ಜಾನ್ಸನ್‌ನಂಥವನಿಗೆ ಸಿಗುವುದು ಕೆಲವು ದಿನ.

2018ರ ಡಿಸೆಂಬರ್ ನೋಡಿ. ವಾಷಿಂಗ್ಟನ್ ತಂಡದ ಅಲೆಕ್ಸ್ ಸ್ಮಿತ್ ಕಾಲು ನವೆಂಬರ್ 18ರಂದು ಮುರಿಯಿತು, ಆ ಭೀಕರ ಗಾಯ ನೋಡಿದವರು ಮರೆಯುವುದಿಲ್ಲ. ಸುಮಾರು ಎರಡು ವಾರ ಕಳೆಯುವಷ್ಟರಲ್ಲಿ ಬದಲಿಗೆ ಬಂದ ಕೋಲ್ಟ್ ಮೆಕಾಯ್ ಕಾಲೂ ಮುರಿಯಿತು. ಉಳಿದದ್ದು ಮಾರ್ಕ್ ಸ್ಯಾಂಚೆಜ್ ಒಬ್ಬ. ಆಗ ಜಾನ್ಸನ್‌ಗೆ ಫೋನ್ ಹೋಯಿತು. ಅವನು ಎನ್‌ಎಫ್‌ಎಲ್ ಪಂದ್ಯದಲ್ಲಿ ಕೊನೆಯ ಸಲ ಪಾಸ್ ಎಸೆದದ್ದು 2011ರಲ್ಲಿ. ಬಂದು ಇಳಿದವನಿಗೆ ಜೊತೆಯವರ ಹೆಸರೇ ಗೊತ್ತಿಲ್ಲ. ಮ್ಯಾಡನ್ ವಿಡಿಯೊ ಗೇಮಿನಲ್ಲಿ ವಾಷಿಂಗ್ಟನ್ ತಂಡ ಆರಿಸಿಕೊಂಡು ಆಡುತ್ತಾ ಹೆಸರು ಕಲಿತೆ ಅಂತ ಅವನೇ ಪತ್ರಕರ್ತರಿಗೆ ಹೇಳಿದ. ಬಂದ ವಾರವೇ ಜೈಂಟ್ಸ್ ವಿರುದ್ಧ ಸ್ಯಾಂಚೆಜ್‌ನನ್ನು ಹೊರಗೆ ಕೂರಿಸಿ ಇವನನ್ನು ಇಳಿಸಿದರು. ತಂಡ ಆಗಲೇ ತೀರಾ ಹಿಂದೆ ಬಿದ್ದಿತ್ತು. ಆದರೂ ಒಂದು ಟಚ್‌ಡೌನ್ ಓಡಿ ತಂದ, ಇನ್ನೊಂದು ಎಸೆದು ತಂದ.

ಮುಂದಿನ ಭಾನುವಾರ, ಡಿಸೆಂಬರ್ 16, ಜ್ಯಾಕ್ಸನ್‌ವಿಲ್‌ನಲ್ಲಿ ಮೊದಲಿಂದ ಇವನೇ. ಕೊನೇ ಗಳಿಗೆಯಲ್ಲಿ ಡಸ್ಟಿನ್ ಹಾಪ್ಕಿನ್ಸ್ 3 ಅಂಕದ ಫೀಲ್ಡ್ ಗೋಲ್ ಒದ್ದು 16-13ರಲ್ಲಿ ಗೆಲುವು. ಕೊನೇ ಸಾಲು ಅವರು ಹೇಳಿದ ಆ 1 ಇದೇ. ಡ್ರಾಫ್ಟ್ ಆಗಿ ಹತ್ತು ವರ್ಷ ಕಳೆದ ಮೇಲೆ ಬಂದ ಮೊದಲ ಗೆಲುವು ಅದು.

ಕೊನೇ ಸಾಲು

ಅದರ ಮುಂದಿನ ಎರಡು ಪಂದ್ಯವನ್ನೂ ಹೇಳಿ. ಟೆನೆಸಿ ವಿರುದ್ಧ 25-16 ಸೋಲು. ಫಿಲಡೆಲ್ಫಿಯಾ ವಿರುದ್ಧ 24-0, ಸೊನ್ನೆ!

ಭಾನುವಾರದ ಆಟ

ಹೌದು, ಎರಡೂ ನಿಜ. ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಆದರೆ ಕ್ವಾರ್ಟರ್‌ಬ್ಯಾಕಿನ ಸೋಲು ಗೆಲುವನ್ನು ತಂಡದಿಂದ ಬಿಡಿಸಿ ನೋಡಲು ಆಗುವುದಿಲ್ಲ. ಎಲ್ಲ ಸರಿ ಇರುವ ತಂಡ ಮೂರನೇ, ನಾಲ್ಕನೇ ಕ್ವಾರ್ಟರ್‌ಬ್ಯಾಕಿಗೆ ಫೋನ್ ಮಾಡುವುದೇ ಇಲ್ಲ. ಇವನು ಹೋದಲ್ಲೆಲ್ಲ ಮನೆಗೆ ಬೆಂಕಿ ಬಿದ್ದ ಮೇಲೇ ಹೋಗಿದ್ದಾನೆ.

ಓದುವ ಹುಚ್ಚು

ಕರೆ ಯಾಕೆ ಬರುತ್ತಿತ್ತು ಅನ್ನುವುದಕ್ಕೆ ನನ್ನ ಉತ್ತರ ಬೇರೆ. ಯಾರು ಕರೆದರು ಅಂತ ನೋಡಿ. ತಂಡಗಳ ಹೆಸರು ಬಿಟ್ಟು ಕೋಚ್‌ಗಳ ಹೆಸರು ಬರೆದುಕೊಂಡರೆ ಚಿತ್ರ ತಾನೇ ಬಿಡಿಸಿಕೊಳ್ಳುತ್ತದೆ.

ಕಾಲೇಜಿನಲ್ಲಿ ಇವನ ಕೋಚ್ ಜಿಮ್ ಹಾರ್ಬಾ. ಜಿಮ್ ಮುಂದೆ ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ಕೋಚ್ ಆದ. 2012ರಲ್ಲೂ 2014ರಲ್ಲೂ ಜಾನ್ಸನ್‌ನನ್ನು ಅಲ್ಲಿಗೆ ಕರೆಸಿಕೊಂಡ. ಜಿಮ್‌ನ ಅಣ್ಣ ಜಾನ್ ಹಾರ್ಬಾ ಆಗ ಬಾಲ್ಟಿಮೋರ್ ಕೋಚ್ ಆಗಿದ್ದ. ಅಲ್ಲಿಗೆ 2016ರಲ್ಲಿ ಒಂದು ಸಲ, 2021ರಲ್ಲಿ ಇನ್ನೊಂದು ಸಲ, ಆಮೇಲೆ 2023 ಮತ್ತು 2024ರಲ್ಲಿ ಲಮಾರ್ ಜಾಕ್ಸನ್‌ಗೆ ಬ್ಯಾಕಪ್ ಆಗಿ.

2008ರಲ್ಲಿ ಟ್ಯಾಂಪಾದಲ್ಲಿ ಇವನನ್ನು ಡ್ರಾಫ್ಟ್ ಮಾಡಿದ್ದು ಜಾನ್ ಗ್ರೂಡನ್. ಆಗ ಅದೇ ತಂಡದಲ್ಲಿ ತಮ್ಮ ಜೇ ಗ್ರೂಡನ್ ಸಹಾಯಕ. ಜೇ ಆಮೇಲೆ ಸಿನ್ಸಿನಾಟಿಯಲ್ಲಿ ಆಫೆನ್ಸ್ (ದಾಳಿಯ ಆಟ) ನೋಡಿಕೊಳ್ಳುತ್ತಿದ್ದ, 2013ರಲ್ಲಿ ಜಾನ್ಸನ್ ಅಲ್ಲಿದ್ದ. 2018ರಲ್ಲಿ ಓಕ್‌ಲ್ಯಾಂಡಿಗೆ ಜಾನ್ ಗ್ರೂಡನ್ ವಾಪಸ್ ಬಂದ, ಜಾನ್ಸನ್ ಅಲ್ಲಿಗೆ ಹೋದ. ಅದೇ ವರ್ಷದ ಕೊನೆಗೆ ವಾಷಿಂಗ್ಟನ್‌ನಿಂದ ಫೋನ್ ಬಂತಲ್ಲ, ಅಲ್ಲಿ ಹೆಡ್ ಕೋಚ್ ಯಾರು? ಜೇ ಗ್ರೂಡನ್. ಕೆಲವೇ ದಿನದಲ್ಲಿ ಪ್ಲೇಬುಕ್ ಹಿಡಿದದ್ದು ಪವಾಡ ಅಲ್ಲ. ಆ ಮಾತಿನ ಜಾಡು ಇವನಿಗೆ ಮೊದಲೇ ಗೊತ್ತಿತ್ತು.

2021ರ ಜೆಟ್ಸ್ ಕಥೆಯೂ ಇದೇ. ಹೆಡ್ ಕೋಚ್ ರಾಬರ್ಟ್ ಸಾಲೇ, ಆಫೆನ್ಸ್ ನೋಡಿಕೊಳ್ಳುವವನು ಮೈಕ್ ಲಾಫ್ಲೂರ್. ಇಬ್ಬರೂ ಹಿಂದಿನ ವರ್ಷ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇದ್ದವರು, ಜಾನ್ಸನ್ ಕೂಡ ಅಲ್ಲೇ ಇದ್ದ.

ಎರಡು ಜೋಡಿ ಅಣ್ಣತಮ್ಮಂದಿರು ಸೇರಿ ಒಬ್ಬನ ವೃತ್ತಿಯ ಅರ್ಧ ಭಾಗ ಬರೆದಿದ್ದಾರೆ. ಸುಮ್ನೆ ಪರಿಚಯದ ಮೇಲೆ ಇಷ್ಟು ಸಲ ಕರೆಯುವುದಿಲ್ಲ. ಒಂದು ಸಲ ಜೊತೆಗಿದ್ದು ನೋಡಿದವರು ಎರಡನೇ ಸಲ ಕರೆದರು ಅಂದರೆ ಮೀಟಿಂಗ್ ರೂಮಿನಲ್ಲಿ ಅವನು ಹೇಗಿದ್ದ ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ.

ಭಾನುವಾರದ ಆಟ

ಇದು ನನಗೆ ಬೇಕಿದ್ದ ಉತ್ತರ. ಜೇ ಗ್ರೂಡನ್ ಟ್ಯಾಂಪಾದಲ್ಲೂ ಇದ್ದ ಅನ್ನುವುದನ್ನು ನಾನು ಜೋಡಿಸಿ ನೋಡಿರಲಿಲ್ಲ.

ಹೊಸದಾಗಿ ನೋಡುತ್ತಿರುವವಳು

ಮನೆ, ಸಂಸಾರ ಎಲ್ಲ ಹೇಗೆ ನಡೆಯುತ್ತದೆ? ದುಡ್ಡಾದರೂ ಚೆನ್ನಾಗಿ ಸಿಗುತ್ತದಾ?

ಲೆಕ್ಕಪತ್ರ

ದುಡ್ಡಿನ ವಿಷಯ ನಾನು ಹೇಳುತ್ತೇನೆ. ಎನ್‌ಎಫ್‌ಎಲ್‌ನಲ್ಲಿ ಪ್ರತಿ ತಂಡಕ್ಕೂ 53 ಜನರ ಮುಖ್ಯ ಪಟ್ಟಿ. ಅದರ ಕೆಳಗೆ ಪ್ರಾಕ್ಟೀಸ್ ಸ್ಕ್ವಾಡ್, 2020ರಿಂದ ಅದರಲ್ಲಿ 16 ಜನಕ್ಕೆ ಜಾಗ. ಜಾನ್ಸನ್‌ನಷ್ಟು ಅನುಭವ ಇರುವವನು 53ರಲ್ಲಿ ಇಡೀ ಸೀಸನ್ ಇದ್ದರೆ 2022ರಲ್ಲಿ ಕನಿಷ್ಠ ಸಂಬಳ 11.2 ಲಕ್ಷ ಡಾಲರ್. ಪ್ರಾಕ್ಟೀಸ್ ಸ್ಕ್ವಾಡಿನಲ್ಲಿದ್ದರೆ ವಾರದ ಲೆಕ್ಕ. 2021ರಲ್ಲಿ ಹಳಬರಿಗೆ ವಾರಕ್ಕೆ 14,000 ಡಾಲರ್ ಇತ್ತು. ತಂಡದಲ್ಲಿದ್ದ ವಾರಕ್ಕೆ ಮಾತ್ರ. ಮಂಗಳವಾರ ಕೈಬಿಟ್ಟರೆ ಬುಧವಾರದಿಂದ ಏನೂ ಇಲ್ಲ.

ನಮಗೆ ದೊಡ್ಡ ಮೊತ್ತವೇ. ಆದರೆ ಬ್ಯಾಕಪ್‌ಗಳಲ್ಲೂ ದೊಡ್ಡ ಅಂತರ ಇದೆ. ಚೇಸ್ ಡೇನಿಯಲ್ ಅಂತ ಒಬ್ಬ ಇದ್ದ. ಇಡೀ ವೃತ್ತಿಯಲ್ಲಿ ಮೊದಲಿಂದ ಇಳಿದು ಆಡಿದ್ದು 5 ಪಂದ್ಯ, ಗಳಿಸಿದ್ದು 4 ಕೋಟಿ ಡಾಲರಿಗೂ ಜಾಸ್ತಿ. ಅವನಿಗೆ ಮುಂಚಿತವಾಗಿ ಕರಾರು ಸಿಗುತ್ತಿತ್ತು. ಜಾನ್ಸನ್‌ಗೆ ಸಿಗುತ್ತಿದ್ದದ್ದು ಸೀಸನ್ ಮಧ್ಯದ ಫೋನ್.

ಇನ್ನೊಂದು ನಿಯಮ ಹಳಬರ ಪರವಾಗಿದೆ. ಒಂದು ವರ್ಷದ ಕನಿಷ್ಠ ಸಂಬಳದ ಕರಾರು ಮಾಡಿದರೆ, ತಂಡದ ಸ್ಯಾಲರಿ ಕ್ಯಾಪ್‌ನಲ್ಲಿ (ಒಟ್ಟು ಸಂಬಳಕ್ಕೆ ಲೀಗ್ ಹಾಕಿದ ಮಿತಿ) ಅವನ ಪೂರ್ತಿ ಸಂಬಳ ಲೆಕ್ಕಕ್ಕೆ ಬರುವುದಿಲ್ಲ, ಎರಡು ವರ್ಷದ ಅನುಭವಸ್ಥನ ಕನಿಷ್ಠ ಸಂಬಳದಷ್ಟೇ ಬರುತ್ತದೆ. ಇಲ್ಲದಿದ್ದರೆ ಅಗ್ಗದ ಹುಡುಗರೇ ಎಲ್ಲ ಜಾಗ ತುಂಬಿಕೊಳ್ಳುತ್ತಿದ್ದರು.

ಪ್ರಾಕ್ಟೀಸ್ ಸ್ಕ್ವಾಡಿನಲ್ಲಿ ಇರುವವನನ್ನು ಬೇರೆ ತಂಡ ಎತ್ತಿಕೊಂಡು ಹೋಗಬಹುದು, ಆದರೆ ನೇರವಾಗಿ ತನ್ನ 53ರಲ್ಲೇ ಜಾಗ ಕೊಡಬೇಕು. ಜಾನ್ಸನ್‌ಗೆ ಇದು ಎರಡು ಸಲ ಒದಗಿತು. 2021ರಲ್ಲಿ ಜೆಟ್ಸ್‌ನಿಂದ ಬಾಲ್ಟಿಮೋರಿಗೆ, 2022ರಲ್ಲಿ ಡೆನ್ವರ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ.

ಭಾನುವಾರದ ಆಟ

2021ರ ಆ ಎರಡು ಪಂದ್ಯ ಹೇಳದೆ ಮುಂದೆ ಹೋಗಲಾರೆ. ನವೆಂಬರ್ 4, ಜೆಟ್ಸ್ ಆಡುತ್ತಿರುವುದು ಇಂಡಿಯಾನಾಪೊಲಿಸ್‌ನಲ್ಲಿ. ಮೈಕ್ ವೈಟ್ ಕೈಗೆ ಪೆಟ್ಟಾಗಿ ಹೊರಗೆ ಹೋದ. ಬೆಂಚಿನಿಂದ ಎದ್ದು ಬಂದ ಜಾನ್ಸನ್ ಪಾಸ್ ಎಸೆದು ತಂಡವನ್ನು ಒಟ್ಟು 317 ಯಾರ್ಡ್ ಮುಂದೆ ತಂದ, 3 ಟಚ್‌ಡೌನ್. ಒಂದೇ ಪಂದ್ಯದಲ್ಲಿ 300 ಯಾರ್ಡ್ ದಾಟಿದ್ದು ಅದೇ ಮೊದಲು, ವಯಸ್ಸು 35. ಡಿಸೆಂಬರಿನಲ್ಲಿ ಬಾಲ್ಟಿಮೋರ್. ಲಮಾರ್ ಜಾಕ್ಸನ್ ಕಾಲು ಗಾಯ, ಟೈಲರ್ ಹಂಟ್ಲಿಗೆ ಕೋವಿಡ್. ತಂಡ ಸೇರಿ ಎರಡು ವಾರ ತುಂಬಿರಲಿಲ್ಲ, ಡಿಸೆಂಬರ್ 26ರಂದು ಸಿನ್ಸಿನಾಟಿ ಎದುರು ಇಳಿದು 304 ಯಾರ್ಡ್, 2 ಟಚ್‌ಡೌನ್. ಎರಡೂ ಸೋಲು, ನಿಜ. 45 ಅಂಕ ಒಂದರಲ್ಲಿ, 41 ಇನ್ನೊಂದರಲ್ಲಿ ಬಿಟ್ಟುಕೊಟ್ಟದ್ದು ಡಿಫೆನ್ಸ್. ಇವನು ತನ್ನ ಕೆಲಸ ಮಾಡಿದ.

ಸಾಂತಾ ಕ್ಲಾರಾ ಗ್ಯಾಲರಿ

ನಾನು ಬೇ ಏರಿಯಾದವನು, 49ಅರ್ಸ್ ಅಭಿಮಾನಿ. 2023ರ ಜನವರಿ 29 ನನಗೆ ಇನ್ನೂ ಹೊಟ್ಟೆಯಲ್ಲಿ ಕುದಿಯುತ್ತದೆ. ಗೆದ್ದರೆ ಲೀಗಿನ ಫೈನಲ್, ಸೂಪರ್ ಬೌಲ್. ಫಿಲಡೆಲ್ಫಿಯಾದಲ್ಲಿ ಆಟ. ಟ್ರೇ ಲ್ಯಾನ್ಸ್ ಸೆಪ್ಟೆಂಬರಿನಲ್ಲೇ ಗಾಯ, ಗರೋಪೊಲೊ ಡಿಸೆಂಬರಿನಲ್ಲಿ. ಡ್ರಾಫ್ಟಿನ ಕಟ್ಟಕಡೆಯವನಾಗಿ, 262ನೆಯವನಾಗಿ ಬಂದ ಬ್ರಾಕ್ ಪರ್ಡಿ ನಮ್ಮನ್ನು ಅಲ್ಲಿಯ ತನಕ ತಂದಿದ್ದ. ನಮ್ಮ ಮೊದಲ ಸರದಿಯಲ್ಲೇ ಹಾಸನ್ ರೆಡಿಕ್ ಬಂದು ಅವನ ಎಸೆಯುವ ಕೈಗೆ ಬಡಿದ. ಮೊಣಕೈ ಹೋಯಿತು.

ಜಾನ್ಸನ್ ಬಂದ. ಜಾನ್ಸನ್ ಡ್ರಾಫ್ಟ್ ಆದ ವರ್ಷ ಪರ್ಡಿಗೆ 8 ವಯಸ್ಸು. ನಿಜ ಹೇಳುತ್ತೇನೆ, ಆ ದಿನ ಅವನು ಚೆನ್ನಾಗಿ ಆಡಲಿಲ್ಲ. ಮೊದಲರ್ಧ ಮುಗಿಯುವ ಹೊತ್ತಿಗೆ ನೇರವಾಗಿ ಕೈಗೆ ಬಂದ ಸ್ನ್ಯಾಪ್ ಜಾರಿಬಿಟ್ಟ. ಚೆಂಡು ಅವರ ಪಾಲಾಗಿ, ಅದರಿಂದಲೇ ಅವರಿಗೆ ಟಚ್‌ಡೌನ್ ಸಿಕ್ಕಿ 21-7 ಆಯಿತು. ಎರಡನೇ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ನೆಲಕ್ಕೆ ಬಿದ್ದ ಏಟಿಗೆ ತಲೆಗೆ ಪೆಟ್ಟಾಗಿ ಅವನೂ ಹೊರಗೆ. ಎಸೆಯಲಾಗದ ಕೈ ಇಟ್ಟುಕೊಂಡು ಪರ್ಡಿ ಮತ್ತೆ ಬಂದು ಚೆಂಡನ್ನು ಓಡುವವರ ಕೈಗೆ ಕೊಡುತ್ತಾ ನಿಂತ. 31-7.

ಆಗ ನಮ್ಮವರೆಲ್ಲ ಜಾನ್ಸನ್‌ನನ್ನು ಬೈದರು. ನಾನು ಬೈಯಲಿಲ್ಲ. ಆ ಇಡೀ ವಾರ ಮೊದಲ ತಂಡದ ಜೊತೆ ಅಭ್ಯಾಸ ಮಾಡಿದ್ದು ಪರ್ಡಿ. ಬ್ಯಾಕಪ್‌ಗೆ ಸಿಗುವುದು ಸ್ಕೌಟ್ ತಂಡ. ಅಂದರೆ ನಮ್ಮ ಡಿಫೆನ್ಸ್ ತಯಾರಾಗಲಿ ಅಂತ ಎದುರಾಳಿ ಕ್ವಾರ್ಟರ್‌ಬ್ಯಾಕಿನ ವೇಷ ಹಾಕಿ, ಎದುರಾಳಿಯ ಪ್ಲೇ ಆಡಿ ತೋರಿಸುವ ಕೆಲಸ. ಸ್ನ್ಯಾಪ್ ಕೊಡುವ ತನ್ನ ತಂಡದ ಸೆಂಟರ್ ಕೈಯಿಂದ ಚೆಂಡು ಹಿಡಿದು ಅಭ್ಯಾಸ ಆಗುವುದೇ ಕಡಿಮೆ.

ಓದುವ ಹುಚ್ಚು

ಆ ಪಂದ್ಯದಿಂದ ನಿಯಮವೇ ಬದಲಾಯಿತು. 1991ರಿಂದ 2010ರವರೆಗೆ ಮೂರನೇ ಕ್ವಾರ್ಟರ್‌ಬ್ಯಾಕನ್ನು ತುರ್ತಿಗೆ ಅಂತ ಲೆಕ್ಕದ ಹೊರಗೆ ಇಟ್ಟುಕೊಳ್ಳಬಹುದಿತ್ತು. ಆಮೇಲೆ ಅದನ್ನು ತೆಗೆದಿದ್ದರು. 2023ರ ಮೇ ತಿಂಗಳಲ್ಲಿ ತಂಡಗಳ ಮಾಲೀಕರು ಓಟು ಹಾಕಿ ವಾಪಸ್ ತಂದರು. ಈಗ ಮೊದಲ ಇಬ್ಬರೂ ಗಾಯಗೊಂಡು ಹೊರಗೆ ಹೋದರೆ ಆ ಮೂರನೆಯವನು ಇಳಿಯಬಹುದು.

ಬಫಲೋ ಚಳಿ

ರಯಾನ್ ಫಿಟ್ಜ್‌ಪ್ಯಾಟ್ರಿಕ್ ಹೆಸರು ಇನ್ನೂ ಬರಲಿಲ್ಲವಲ್ಲ! 9 ತಂಡ, ಒಂಬತ್ತರಲ್ಲೂ ಮೊದಲಿಂದ ಇಳಿದು ಆಡಿದ್ದಾನೆ. ಹಾರ್ವರ್ಡ್‌ನಲ್ಲಿ ಅರ್ಥಶಾಸ್ತ್ರ ಓದಿ, 2005ರ ಡ್ರಾಫ್ಟಿನಲ್ಲಿ 250ನೆಯವನಾಗಿ ಬಂದವನು. 2018ರಲ್ಲಿ ಟ್ಯಾಂಪಾಗೆ ಆಡುತ್ತಾ ಸತತ ಮೂರು ಪಂದ್ಯದಲ್ಲಿ 400 ಯಾರ್ಡ್ ದಾಟಿಸಿದ, ಹಾಗೆ ಮಾಡಿದ ಮೊದಲ ಕ್ವಾರ್ಟರ್‌ಬ್ಯಾಕ್ ಅವನೇ. 17 ಸೀಸನ್, ಹತ್ತಿರ ಹತ್ತಿರ 35,000 ಯಾರ್ಡ್, ಆದರೆ ಒಂದು ಪ್ಲೇಆಫ್ (ನಾಕೌಟ್ ಹಂತದ) ಪಂದ್ಯವೂ ಸಿಗಲಿಲ್ಲ. 2015ರಲ್ಲಿ ಜೆಟ್ಸ್‌ಗೆ 10 ಗೆಲುವು ತಂದುಕೊಟ್ಟು, ಕೊನೇ ಪಂದ್ಯ ಗೆದ್ದರೆ ಒಳಗೆ ಅನ್ನುವಾಗ ನಮ್ಮ ಬಫಲೋಗೇ ಬಂದು 22-17ರಲ್ಲಿ ಸೋತ. ನಾಲ್ಕನೇ ಕ್ವಾರ್ಟರಿನಲ್ಲಿ ಮೂರು ಇಂಟರ್‌ಸೆಪ್ಷನ್. ನಮ್ಮ ತಂಡ ಗೆದ್ದರೂ ನನಗೆ ಅವತ್ತು ಖುಷಿ ಆಗಲಿಲ್ಲ. ನಿವೃತ್ತಿಗೆ ಮೊದಲು, 2022ರ ಜನವರಿಯ ಆ ಕೊರೆಯುವ ಚಳಿಯಲ್ಲಿ ಬಫಲೋ ಪ್ಲೇಆಫ್ ನೋಡಲು ಅಂಗಿ ಬಿಚ್ಚಿ ಅಭಿಮಾನಿಗಳ ಮಧ್ಯೆ ನಿಂತಿದ್ದ. ಹತ್ತಿರ ಹತ್ತಿರ ಒಂಬತ್ತು ವರ್ಷದ ಹಿಂದೆ ಕೈಬಿಟ್ಟ ಊರಿಗೆ ಯಾರು ಹಾಗೆ ಬರುತ್ತಾರೆ?

ಭಾನುವಾರದ ಆಟ

ಫಿಟ್ಜ್‌ಪ್ಯಾಟ್ರಿಕ್ ನನಗೂ ಇಷ್ಟ. ಅವನಿಗೆ ಬೇರೆಯದೇ ಚರ್ಚೆ ಬೇಕು, ನೀವೇ ಶುರು ಮಾಡಿ. ನನಗೆ ಕಾಣುವ ವ್ಯತ್ಯಾಸ ಇಷ್ಟು. ಅವನು ಹೋದಲ್ಲೆಲ್ಲ ಒಂದಲ್ಲ ಒಂದು ದಿನ ಆಡುತ್ತೇನೆ ಅನ್ನುವ ನಂಬಿಕೆ ಇಟ್ಟುಕೊಳ್ಳಬಹುದಿತ್ತು. ಜಾನ್ಸನ್‌ಗೆ ಅದೂ ಇರಲಿಲ್ಲ. 2011ರಿಂದ 2018ರವರೆಗೆ ಎನ್‌ಎಫ್‌ಎಲ್ ಪಂದ್ಯದಲ್ಲಿ ಒಂದು ಪಾಸ್ ಎಸೆಯದೆ, ವಾರವಾರವೂ ಎದುರಾಳಿಯ ವೇಷ ಹಾಕಿಕೊಂಡು, ತೂಕ ಇಳಿಸದೆ, ಕೈ ಕೆಡಿಸಿಕೊಳ್ಳದೆ ತಯಾರಾಗಿ ಇದ್ದ. ಅದು ನನ್ನ ಕಣ್ಣಿಗೆ ದೊಡ್ಡದು.

ಕೊನೇ ಸಾಲು

ಒಂದು ಮಾತು ಒಪ್ಪುತ್ತೇನೆ. ಕೋಚ್‌ಗಳ ಆ ಪಟ್ಟಿ ನೋಡಿದ ಮೇಲೆ ಅದೃಷ್ಟದಿಂದ ಉಳಿದ ಅಂತ ನಾನು ಇನ್ನು ಹೇಳುವುದಿಲ್ಲ. ಆದರೆ ಒಳ್ಳೇ ಬ್ಯಾಕಪ್ ಬೇರೆ, ಒಳ್ಳೇ ಕ್ವಾರ್ಟರ್‌ಬ್ಯಾಕ್ ಬೇರೆ. ಅಲ್ಲಿಂದ ನಾನು ಕದಲುವುದಿಲ್ಲ.

ಭಾನುವಾರದ ಆಟ

ಬೇರೆಯೇ ಸರ್, ನಾನೂ ಅದನ್ನೇ ಹೇಳುತ್ತಿರುವುದು. ಎರಡೂ ಬೇರೆ ಬೇರೆ ಕೆಲಸ. ಎರಡನೆಯದಕ್ಕೆ ಅಂಕಿಅಂಶ ಇದೆ, ಮೊದಲನೆಯದಕ್ಕೆ ಇಲ್ಲ. ಹೊಸ ಹುಡುಗನಿಗೆ ವಿಡಿಯೊ ನೋಡುವುದು ಹೇಗೆ ಅಂತ ಕಲಿಸಿದ್ದಕ್ಕೆ ಯಾವ ಪಟ್ಟಿಯಲ್ಲೂ ಅಂಕ ಕೊಡುವುದಿಲ್ಲ.

ಹೊಸದಾಗಿ ನೋಡುತ್ತಿರುವವಳು

ಆಮೇಲೆ ಅವನು ಎಲ್ಲಿಗೆ ಹೋದ?

ಭಾನುವಾರದ ಆಟ

2025ರ ಮಾರ್ಚಿನಲ್ಲಿ ವಾಷಿಂಗ್ಟನ್ ಎರಡನೇ ಸಲ ಕರೆಯಿತು, ಹಾಗಾಗಿ ತಂಡಗಳ ಲೆಕ್ಕ 14ರಲ್ಲೇ ನಿಂತಿತು. ಅಲ್ಲಿನ ಮುಖ್ಯ ಕ್ವಾರ್ಟರ್‌ಬ್ಯಾಕ್ ಜೇಡನ್ ಡೇನಿಯಲ್ಸ್ ಹುಟ್ಟಿದ್ದು 2000ದ ಡಿಸೆಂಬರಿನಲ್ಲಿ. ನೀವು 2025ರ ಸೀಸನ್‌ನ ವಾಷಿಂಗ್ಟನ್ ಪಂದ್ಯ ನೋಡುವಾಗ ಕ್ಯಾಮೆರಾ ಸೈಡ್‌ಲೈನಿಗೆ ತಿರುಗಿದರೆ ಟ್ಯಾಬ್ಲೆಟ್ ಹಿಡಿದವರ ಗುಂಪಿನಲ್ಲಿ ಹುಡುಕಿ. ಓದುವ ಹುಚ್ಚು ಅವರೇ, ಆ ಕೋಚ್‌ಗಳ ಪಟ್ಟಿಗೆ ಡೆನ್ವರ್, ಹ್ಯೂಸ್ಟನ್, ಡೆಟ್ರಾಯ್ಟ್ ಕೊಂಡಿಯೂ ಸಿಕ್ಕರೆ ಇಲ್ಲೇ ಹಾಕಿ.